ಬರಿಯ ಕಂಬಿ

ಬೆಳಗಿನ ಐದೂವರೆ ಗಂಟೆಯ ಸಮಯ. ಊರು ಇನ್ನೂ ಪೂರ್ತಿಯಾಗಿ ಎಚ್ಚೆತ್ತಿಲ್ಲ. ಹಾಲಿನ ಅಂಗಡಿಯ ಮುಂದೆ ನಾಲ್ಕಾರು ಜನ ನಿಂತಿದ್ದಾರೆ. ಉಳಿದ ಅಂಗಡಿಗಳೆಲ್ಲ ಮುಚ್ಚಿವೆ. ಬೀದಿಯ ಕೊನೆಯಲ್ಲಿರುವ ವ್ಯಾಯಾಮಶಾಲೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಒಳಗಿನಿಂದ ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು ಕೇಳಿಬರುತ್ತಿದೆ. ಹೆಗಲ ಮೇಲೆ ಟವೆಲು ಹಾಕಿಕೊಂಡ ಹದಿನೈದು ವರ್ಷದ ಹುಡುಗನೊಬ್ಬ ಹೊಸ್ತಿಲ ಬಳಿ ಬಂದು ನಿಂತಿದ್ದಾನೆ. ಒಳಗೆ ಹೋಗಬೇಕೆಂಬ ಆಸೆ, ಹೋಗಲು ಸಂಕೋಚ. ಗೋಡೆಯುದ್ದಕ್ಕೂ ಇರುವ ಕನ್ನಡಿಯಲ್ಲಿ ದೃಢಕಾಯರಾದ ತರುಣರ ಪ್ರತಿಬಿಂಬಗಳ ನಡುವೆ ಅವನ ಸಣಕಲು ತೋಳುಗಳೂ ಕಾಣುತ್ತಿವೆ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ಅವನಿಗೆ ಅನಿಸುತ್ತದೆ. ನಿಜವಾಗಿ ಅಲ್ಲಿ ಯಾರೂ ಅವನನ್ನು ನೋಡುತ್ತಿಲ್ಲ. ಅವರವರ ಗಮನ ಅವರವರ ಕೈಯಲ್ಲಿರುವ ಭಾರದ ಮೇಲಿದೆ.

ಈ ಹುಡುಗನ ಹೆಸರು, ಊರು ಮುಖ್ಯವಲ್ಲ. ಭಾರ ಎತ್ತುವುದನ್ನು ಕಲಿಯಲು ಹೊರಟ ಪ್ರತಿಯೊಬ್ಬನೂ ಒಂದು ದಿನ ಇಂಥ ಹೊಸ್ತಿಲಿನ ಮೇಲೆ ಹೀಗೆಯೇ ನಿಂತಿರುತ್ತಾನೆ. ಇಂದು ಪೆಡಸು ಮೈಯವನಾಗಿ ಕನ್ನಡಿಯ ಮುಂದೆ ನಿಂತಿರುವವನೂ ಒಂದು ಕಾಲಕ್ಕೆ ಹೊಸಬನೇ. ಕಲಿತವನು ತನ್ನ ಮೊದಲ ದಿನವನ್ನು ಮರೆತಿರಬಹುದು. ಹೊಸಬನಿಗೆ ಮಾತ್ರ ಆ ದಿನವೇ ಎಲ್ಲಕ್ಕಿಂತ ಕಠಿಣವಾದ ದಿನ.

ಹುಡುಗ ಧೈರ್ಯ ತಂದುಕೊಂಡು ಒಳಗೆ ಬರುತ್ತಾನೆ. ಶಿಕ್ಷಕರು ಅವನ ವಯಸ್ಸು, ಆರೋಗ್ಯ ಮುಂತಾದುವನ್ನು ವಿಚಾರಿಸುತ್ತಾರೆ. ಹತ್ತು ನಿಮಿಷ ಓಡಾಡಿಸಿ, ಕೈಕಾಲು ಬೀಸಿಸಿ ಮೈ ಬಿಸಿ ಮಾಡಿಸುತ್ತಾರೆ. ಬಳಿಕ ಅವನ ಕೈಗೆ ಒಂದು ಕಂಬಿಯನ್ನು ಕೊಡುತ್ತಾರೆ. ಅದರ ಎರಡು ತುದಿಗಳಲ್ಲಿಯೂ ಒಂದಾದರೂ ಬಿಲ್ಲೆಯಿಲ್ಲ! ಪಕ್ಕದಲ್ಲಿ ಒಬ್ಬ ತರುಣ ಅಂಥದೇ ಕಂಬಿಗೆ ಕೆಂಪು, ನೀಲಿ, ಹಳದಿ ಬಿಲ್ಲೆಗಳನ್ನು ಸಾಲಾಗಿ ಪೋಣಿಸಿಕೊಂಡು ಎತ್ತುತ್ತಿದ್ದಾನೆ. ತನಗೆ ದೊರೆತದ್ದು ಬರಿಯ ಕಂಬಿ. ಹುಡುಗನ ಮುಖ ಸಪ್ಪಗಾಗುತ್ತದೆ.

ಬರಿಯ ಕಂಬಿಯೆಂದು ಅದನ್ನು ಹಗುರವಾಗಿ ಕಾಣುವಂತಿಲ್ಲ. ಸ್ಪರ್ಧೆಗಳಲ್ಲಿ ಪುರುಷರು ಬಳಸುವ ಕಂಬಿ 2.2 ಮೀಟರ್ ಉದ್ದವಿದ್ದು 20 ಕಿಲೋಗ್ರಾಂ ತೂಗುತ್ತದೆ. ಮಹಿಳೆಯರು ಬಳಸುವ ಕಂಬಿಯ ತೂಕ 15 ಕಿಲೋಗ್ರಾಂ. ಎಳೆಯರಿಗೆ ಇದೂ ಹೆಚ್ಚೆನಿಸಿದರೆ ಇನ್ನೂ ಹಗುರವಾದ ಸರಳನ್ನೋ ಮರದ ಕೋಲನ್ನೋ ಕೊಡುವುದುಂಟು. ಹೊಸಬ ಆ ಕಂಬಿಯನ್ನು ಎತ್ತಿ ಹಿಡಿದ ಕ್ಷಣದಲ್ಲಿಯೇ ಒಂದು ಸತ್ಯ ಅವನಿಗೆ ಗೋಚರವಾಗುತ್ತದೆ. ಕಂಬಿ ಬಲಕ್ಕೆ ವಾಲುತ್ತದೆ. ಸರಿಪಡಿಸಿದರೆ ಎಡಕ್ಕೆ ವಾಲುತ್ತದೆ. ಕೈಗಳು ನಡುಗುತ್ತವೆ. ಇಷ್ಟು ದಿನ ತನ್ನದೆಂದು ತಿಳಿದಿದ್ದ ಮೈ ತನ್ನ ಮಾತನ್ನೇ ಕೇಳುವುದಿಲ್ಲ.

ಅವನ ಮುಂದೆ ಈಗ ಎರಡು ದಾರಿಗಳಿವೆ. ಶಿಕ್ಷಕರು ಹೇಳಿದಂತೆ ಕೆಲವು ವಾರ ಬರಿಯ ಕಂಬಿಯಲ್ಲಿಯೇ ಅಭ್ಯಾಸ ಮಾಡುವುದು ಒಂದು. ಅವರು ಅತ್ತ ತಿರುಗಿದಾಗ ಎರಡು ಬಿಲ್ಲೆಗಳನ್ನು ಏರಿಸಿಕೊಂಡು ಬೇರೆಯವರಿಗೆ ಸಮನೆನಿಸಿಕೊಳ್ಳಲು ಹವಣಿಸುವುದು ಇನ್ನೊಂದು. ಎರಡನೆಯ ದಾರಿ ಹಿಡಿದವನ ಪಾಡು ಏನಾಗುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಕಾಲು ಮಾಡಬೇಕಾದ ಕೆಲಸವನ್ನು ಸೊಂಟ ಮಾಡುತ್ತದೆ; ಬೆನ್ನು ಬಿಲ್ಲಿನಂತೆ ಬಾಗುತ್ತದೆ; ಮೊಣಕಾಲುಗಳು ಒಳಕ್ಕೆ ಕುಸಿಯುತ್ತವೆ. ಭಾರವೇನೋ ಒಂದು ಸಲ ಮೇಲೆದ್ದೀತು. ಆದರೆ ಉಳುಕಿದ ಸೊಂಟ ತಿಂಗಳುಗಟ್ಟಲೆ ನೋಯಬಹುದು. ಸೋತು ಮನೆ ಸೇರಿದವನು ಮತ್ತೆ ಆ ಕಡೆ ತಲೆಹಾಕುವುದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ಭಾರದ ಅಭ್ಯಾಸ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಇಂದು ಊರೂರುಗಳಲ್ಲಿ ತಲೆಯೆತ್ತಿರುವ ಜಿಮ್‌ಗಳಿಗಿಂತ ಎಷ್ಟೋ ಹಿಂದೆಯೇ ಇಲ್ಲಿ ಗರಡಿಮನೆಗಳಿದ್ದುವು. ಮೈಸೂರಿನಂಥ ಊರುಗಳಲ್ಲಿ ಅವು ಇಂದಿಗೂ ಉಳಿದುಕೊಂಡಿವೆ. ತಗ್ಗಾದ ಬಾಗಿಲು, ಒಳಗೆ ಆಂಜನೇಯನ ಮೂರ್ತಿ, ನಡುವೆ ಹದಗೊಳಿಸಿದ ಕೆಮ್ಮಣ್ಣಿನ ಅಖಾಡ, ಗೋಡೆಗೆ ಒರಗಿಸಿದ ಗದೆಗಳು, ಮೂಲೆಯಲ್ಲಿ ಕಲ್ಲಿನ ಗುಂಡುಗಳು. ಗರಡಿಗೆ ಸೇರಿದ ಹುಡುಗನ ಕೈಗೆ ಉಸ್ತಾದರು ಮೊದಲ ದಿನವೇ ಗದೆಯನ್ನು ಕೊಡುತ್ತಿರಲಿಲ್ಲ. ಅವನು ಗುದ್ದಲಿ ಹಿಡಿದು ಅಖಾಡದ ಮಣ್ಣನ್ನು ಅಗೆದು ಹದಮಾಡಬೇಕು; ದಂಡೆಗಳನ್ನೂ ಬಸ್ಕಿಗಳನ್ನೂ ಹೊಡೆಯಬೇಕು; ಹಿರಿಯರ ಮೈಗೆ ಎಣ್ಣೆ ತಿಕ್ಕಬೇಕು. ಹೊರಗಿನವರಿಗೆ ಅದು ಬರಿಯ ಚಾಕರಿಯಂತೆ ಕಂಡೀತು. ಆದರೆ ಮಣ್ಣು ಅಗೆಯುವಾಗಲೇ ಅವನ ಬೆನ್ನು, ತೋಳು, ತೊಡೆಗಳು ಗಟ್ಟಿಯಾಗುತ್ತಿದ್ದುವು. ಗದೆಯ ಹಿಡಿಗೆ ಅವನ ಕೈ ಸೇರುವ ಹೊತ್ತಿಗೆ ಮೈ ಅದಕ್ಕೆ ಸಿದ್ಧವಾಗಿರುತ್ತಿತ್ತು. ಗರಡಿಯಲ್ಲಿ ಅಖಾಡದ ಮಣ್ಣು ಮಾಡುತ್ತಿದ್ದ ಕೆಲಸವನ್ನು ಇಂದಿನ ವ್ಯಾಯಾಮಶಾಲೆಯಲ್ಲಿ ಬರಿಯ ಕಂಬಿ ಮಾಡುತ್ತದೆ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜಾತ್ರೆಯ ದಿನ ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆ ನಡೆಯುವುದುಂಟು. ನೆರೆದ ಜನರ ಕಣ್ಣಿಗೆ ಬೀಳುವುದು ಕಲ್ಲು ಹೆಗಲಿಗೇರಿದ ಆ ಒಂದು ಗಳಿಗೆ ಮಾತ್ರ. ಅದರ ಹಿಂದೆ ಹೊಲದಲ್ಲಿಯೂ ಮನೆಯಂಗಳದಲ್ಲಿಯೂ ಸಣ್ಣ ಕಲ್ಲಿನಿಂದ ತೊಡಗಿ ವರ್ಷಗಟ್ಟಲೆ ನಡೆದ ಸಾಧನೆ ಅವರಿಗೆ ಕಾಣುವುದಿಲ್ಲ.

ಹಳೆಯ ಸಾಧನೆಯನ್ನೂ ಹೊಸ ಕಬ್ಬಿಣವನ್ನೂ ಒಂದುಗೂಡಿಸಿದವರಲ್ಲಿ ಬೆಂಗಳೂರಿನ ಕೆ. ವಿ. ಅಯ್ಯರ್ ಅವರದು ದೊಡ್ಡ ಹೆಸರು. ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ ಅನೇಕ ತರುಣರನ್ನು ತಯಾರು ಮಾಡಿದರು. ಅಂಗಸಾಧನೆಯನ್ನು ಕುರಿತು ಪುಸ್ತಕಗಳನ್ನು ಬರೆದರು. ಭಾರದ ವ್ಯಾಯಾಮದೊಂದಿಗೆ ಸೂರ್ಯನಮಸ್ಕಾರ, ಆಸನಗಳನ್ನೂ ಬೆರೆಸಿ ಕಲಿಸುತ್ತಿದ್ದರು. 'ಶಾಂತಲಾ', 'ರೂಪದರ್ಶಿ' ಎಂಬ ಕಾದಂಬರಿಗಳನ್ನು ರಚಿಸಿದವರೂ ಇವರೇ. ಮೈಯನ್ನು ಬೆಳೆಸುವವನಿಗೆ ಬುದ್ಧಿಯ ಕೆಲಸ ಒಗ್ಗುವುದಿಲ್ಲವೆಂದು ಹಗುರವಾಗಿ ಮಾತನಾಡುವವರಿಗೆ ಅಯ್ಯರ್ ಅವರ ಬಾಳೇ ಉತ್ತರವಾಗಿದೆ.

ಅಲ್ಪದಿಂದ ಆರಂಭಿಸಿ ಸ್ವಲ್ಪ ಸ್ವಲ್ಪವೇ ಏರಿಸಬೇಕೆಂಬ ನಿಯಮಕ್ಕೆ ಗ್ರೀಕರಲ್ಲಿ ಒಂದು ಸ್ವಾರಸ್ಯವಾದ ಕಥೆಯುಂಟು. ಕ್ರಿಸ್ತಪೂರ್ವ 6ನೆಯ ಶತಮಾನದಲ್ಲಿ ಕ್ರೋಟನ್ ಎಂಬ ಊರಿನಲ್ಲಿ ಮೈಲೋ ಎಂಬ ಜಟ್ಟಿಯಿದ್ದನು. ಒಲಿಂಪಿಕ್ ಕ್ರೀಡೆಗಳಲ್ಲಿ ಅವನು ಅನೇಕ ಸಲ ಗೆದ್ದವನು. ಅವನು ಬಾಲ್ಯದಲ್ಲಿ ಒಂದು ಎಳೆಗರುವನ್ನು ದಿನವೂ ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದನಂತೆ. ಕರು ದಿನದಿನಕ್ಕೆ ಬೆಳೆಯಿತು. ಅದರೊಡನೆ ಅವನ ಬಲವೂ ಬೆಳೆಯಿತು. ಕೊನೆಗೆ ಕರು ಎತ್ತಾದಾಗಲೂ ಅವನು ಅದನ್ನು ಹೊರಬಲ್ಲವನಾದನಂತೆ. ಕಥೆಯಲ್ಲಿ ಉತ್ಪ್ರೇಕ್ಷೆಯಿದೆ, ತತ್ತ್ವವೂ ಇದೆ.

ಉತ್ಪ್ರೇಕ್ಷೆ ಎಲ್ಲಿದೆಯೆಂಬುದನ್ನು ಸಣ್ಣ ಲೆಕ್ಕವೊಂದರಿಂದ ತಿಳಿಯಬಹುದು. ಸಾಮಾನ್ಯವಾಗಿ ವ್ಯಾಯಾಮಶಾಲೆಯಲ್ಲಿ ದೊರೆಯುವ ಚಿಕ್ಕ ಬಿಲ್ಲೆಯ ತೂಕ 1.25 ಕಿಲೋಗ್ರಾಂ. ಕಂಬಿಯ ಎರಡೂ ತುದಿಗಳಿಗೆ ಒಂದೊಂದು ಹಾಕಿದರೆ 2.5 ಕಿಲೋಗ್ರಾಂ ಏರಿದಂತಾಯಿತು. ವಾರಕ್ಕೊಮ್ಮೆ ಹೀಗೆ ಏರಿಸುತ್ತ ಹೋದರೆ ವರ್ಷದ 52 ವಾರಗಳಲ್ಲಿ 130 ಕಿಲೋಗ್ರಾಂ ಏರಬೇಕು. ಮರುವರ್ಷ ಇನ್ನೂ 130! ಕಾಗದದ ಮೇಲಿನ ಈ ಲೆಕ್ಕವನ್ನು ದೇಹ ಒಪ್ಪುವುದಿಲ್ಲ. ಆರಂಭದ ತಿಂಗಳುಗಳಲ್ಲಿ ಏರಿಕೆ ಬೇಗಬೇಗನೆ ಆಗುತ್ತದೆ, ಬರಬರುತ್ತ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇಹೋಗುತ್ತದೆ. ಏರಿಕೆ ನಿಂತಾಗ ಹೊಸಬನಿಗೆ ನಿರಾಶೆಯಾಗುತ್ತದೆ. ಅಂಥ ಸಮಯದಲ್ಲಿ ಅಭ್ಯಾಸವನ್ನು ಬಿಡದೆ, ಹಟಕ್ಕೆ ಬಿದ್ದು ಭಾರವನ್ನೂ ಏರಿಸದೆ ಇರುವವನು ಮುಂದಕ್ಕೆ ಹೋಗುತ್ತಾನೆ.

ಇದೇ ತತ್ತ್ವ ಆಸ್ಪತ್ರೆಯಲ್ಲಿಯೂ ಪ್ರಯೋಜನಕ್ಕೆ ಬಂದ ಸಂಗತಿ ಗಮನಾರ್ಹವಾಗಿದೆ. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅಮೆರಿಕದ ಷಿಕಾಗೊ ನಗರದ ಸೈನಿಕ ಆಸ್ಪತ್ರೆಯೊಂದರಲ್ಲಿ ಮೊಣಕಾಲಿಗೆ ಪೆಟ್ಟಾದ ಸೈನಿಕರು ತುಂಬಿದ್ದರು. ಅಲ್ಲಿ ವೈದ್ಯರಾಗಿದ್ದ ಥಾಮಸ್ ಡಿಲಾರ್ಮ್ ಅವರು ಬಾಲ್ಯದಲ್ಲಿ ಕಾಯಿಲೆ ಬಿದ್ದು, ಭಾರದ ವ್ಯಾಯಾಮದಿಂದ ಚೇತರಿಸಿಕೊಂಡವರು. ಅವರು ಸೈನಿಕರ ಸೊರಗಿದ ತೊಡೆಗಳಿಗೆ ಭಾರದಿಂದ ವ್ಯಾಯಾಮ ಕೊಡತೊಡಗಿದರು. ದುರ್ಬಲವಾದ ಕಾಲಿಗೆ ಭಾರವೇ ಎಂದು ಅಚ್ಚರಿಪಡುವಂಥ ಚಿಕಿತ್ಸೆ ಅದು. ಆದರೆ ಸೈನಿಕರು ಬೇಗ ಚೇತರಿಸಿಕೊಂಡರು. 1945ರಲ್ಲಿ ಡಿಲಾರ್ಮ್ ತಮ್ಮ ವಿಧಾನವನ್ನು ಪ್ರಕಟಿಸಿದರು. ಮುಂದೆ ಅದನ್ನು ತಿದ್ದಿ ಹೀಗೆ ಸರಳಗೊಳಿಸಿದರು: ಒಬ್ಬನು ಸರಿಯಾಗಿ ಹತ್ತು ಸಲ ಎತ್ತಬಲ್ಲ ಭಾರವೆಷ್ಟೆಂದು ಕಂಡುಕೊಳ್ಳಬೇಕು, ಮೊದಲು ಅದರ ಅರ್ಧ ಭಾರವನ್ನು ಹತ್ತು ಸಲ, ಬಳಿಕ ಮುಕ್ಕಾಲು ಭಾರವನ್ನು ಹತ್ತು ಸಲ, ಕೊನೆಯಲ್ಲಿ ಪೂರ್ಣ ಭಾರವನ್ನು ಹತ್ತು ಸಲ ಎತ್ತಬೇಕು. ಇಲ್ಲಿ ಅಳತೆಗೋಲು ಪಕ್ಕದ ಹಾಸಿಗೆಯವನ ಬಲವಲ್ಲ, ತನ್ನ ಇಂದಿನ ಬಲ. ಇಂದಿಗೂ ಭಾರದ ಅಭ್ಯಾಸ ಮಾಡುವವರೆಲ್ಲ 'ಹತ್ತು ಸಲ, ಮೂರು ಸುತ್ತು' ಎಂದು ಎಣಿಸುವುದರ ಹಿಂದೆ ಈ ವೈದ್ಯರ ಪ್ರಭಾವವಿದೆ.

ಭಾರ ಎತ್ತಿದರೆ ಬಲ ಬರುವುದು ಹೇಗೆ? ಸ್ನಾಯುವೆಂದರೆ ಅಸಂಖ್ಯಾತ ಎಳೆಗಳ ಕಟ್ಟು. ಮೆದುಳಿನಿಂದ ಹೊರಟ ಆಜ್ಞೆ ನರಗಳ ಮೂಲಕ ಬಂದು ಈ ಎಳೆಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಹೊಸಬನ ಮೈಯಲ್ಲಿ ಎಳೆಗಳಿದ್ದರೂ ಅವುಗಳನ್ನು ಒಟ್ಟಿಗೆ, ಸಮಯಕ್ಕೆ ಸರಿಯಾಗಿ ಎಬ್ಬಿಸುವ ರೂಢಿ ನರಗಳಿಗೆ ಇರುವುದಿಲ್ಲ. ಹೊಸದಾಗಿ ರಥ ಎಳೆಯಲು ಬಂದವರು ಒಬ್ಬೊಬ್ಬರು ಒಂದೊಂದು ಗಳಿಗೆಗೆ ಹಗ್ಗ ಜಗ್ಗಿದರೆ ರಥ ಕದಲುವುದಿಲ್ಲ. ಒಂದೇ ಕೂಗಿಗೆ ಎಲ್ಲರೂ ಕೂಡಿ ಜಗ್ಗಿದರೆ ಅಷ್ಟೇ ಜನರಿಂದ ರಥ ಹೊರಡುತ್ತದೆ. ಮೊದಲ ಕೆಲವು ವಾರಗಳಲ್ಲಿ ಆಗುವ ಬದಲಾವಣೆ ಹೆಚ್ಚಾಗಿ ಇಂಥದು. ತೋಳಿನ ಸುತ್ತಳತೆ ಅಷ್ಟೇ ಇರುತ್ತದೆ. ಎತ್ತುವ ಶಕ್ತಿ ಮಾತ್ರ ಏರುತ್ತದೆ. ಆದುದರಿಂದ ತಿಂಗಳು ಕಳೆದರೂ ಕನ್ನಡಿಯಲ್ಲಿ ಏನೂ ಕಾಣಲಿಲ್ಲವೆಂದು ಅಭ್ಯಾಸ ನಿಲ್ಲಿಸುವವನು, ಬೀಜ ಬೇರುಬಿಡುತ್ತಿರುವಾಗ ಮೊಳಕೆ ಕಾಣಲಿಲ್ಲವೆಂದು ಹೊಲವನ್ನು ಬಿಟ್ಟು ಹೋದ ರೈತನಂತೆ. ನರಗಳು ಪಳಗಿದ ಮೇಲೆ, ತಿಂಗಳುಗಳ ಅಭ್ಯಾಸದಿಂದ ಎಳೆಗಳು ದಪ್ಪವಾಗುವುದು ಕಣ್ಣಿಗೆ ಕಾಣತೊಡಗುತ್ತದೆ.

ಎರಡನೆಯ ದಿನ ಬೆಳಿಗ್ಗೆ ಹೊಸಬನಿಗೆ ಹಾಸಿಗೆಯಿಂದ ಏಳುವುದೇ ಕಷ್ಟವೆನಿಸಬಹುದು. ತೊಡೆಗಳು ಬಿಗಿದುಕೊಂಡಿರುತ್ತವೆ, ಮೆಟ್ಟಿಲು ಇಳಿಯುವಾಗ ಮುಖ ಕಿವಿಚುವಂತಾಗುತ್ತದೆ. ರೂಢಿಯಿಲ್ಲದ ಕೆಲಸದಿಂದ ಸ್ನಾಯುವಿನ ಎಳೆಗಳಿಗೆ ಆಗುವ ಅತಿ ಸೂಕ್ಷ್ಮವಾದ ಹಾನಿಯೇ ಇದಕ್ಕೆ ಮುಖ್ಯ ಕಾರಣ. ಲ್ಯಾಕ್ಟಿಕ್ ಆಮ್ಲ ಮೈಯಲ್ಲಿ ಉಳಿದು ಹೀಗಾಗುತ್ತದೆಂದು ಬಹುಕಾಲ ನಂಬಲಾಗಿತ್ತು. ಆದರೆ ಆ ಆಮ್ಲ ವ್ಯಾಯಾಮ ಮುಗಿದ ಒಂದೆರಡು ಗಂಟೆಗಳಲ್ಲಿಯೇ ರಕ್ತದಿಂದ ಹೊರಟುಹೋಗಿರುತ್ತದೆ. ಈ ನೋವು ಒಂದರಿಂದ ಮೂರು ದಿನಗಳೊಳಗೆ ಹೆಚ್ಚಾಗಿ, ತಾನಾಗಿ ಇಳಿಯುತ್ತದೆ. ಅದೇ ವ್ಯಾಯಾಮವನ್ನು ಮುಂದುವರಿಸಿದರೆ ಮುಂದಿನ ಸಲ ನೋವು ಕಡಿಮೆಯಾಗುತ್ತದೆ. ಆದರೆ ಎಲ್ಲ ನೋವೂ ಒಂದೇ ಬಗೆಯದಲ್ಲ. ಸ್ನಾಯುವಿನ ಮಂದವಾದ ನೋವಿಗೆ ಅಂಜಬೇಕಾಗಿಲ್ಲ. ಕೀಲಿನಲ್ಲಿ ಚುಚ್ಚಿದಂತಾಗುವ ನೋವು, ಎತ್ತುತ್ತಿರುವಾಗಲೇ ಥಟ್ಟನೆ ಹುಟ್ಟುವ ನೋವು, ಊತ, ತಲೆಸುತ್ತು ಇವು ಎಚ್ಚರಿಕೆಯ ಗಂಟೆಗಳು. ಆಗ ಕಂಬಿಯನ್ನು ಕೆಳಗಿಟ್ಟು ಶಿಕ್ಷಕರಿಗೆ ತಿಳಿಸಬೇಕು; ಅಗತ್ಯವಾದರೆ ವೈದ್ಯರನ್ನು ಕಾಣಬೇಕು.

ದೇಹವು ಗಟ್ಟಿಯಾಗುವುದು ಭಾರ ಎತ್ತುವ ಗಂಟೆಯಲ್ಲಲ್ಲ, ಎತ್ತಿ ಮುಗಿಸಿದ ಮೇಲಿನ ಬಿಡುವಿನಲ್ಲಿ. ನಿದ್ರೆಯಲ್ಲಿಯೂ ವಿಶ್ರಾಂತಿಯಲ್ಲಿಯೂ ದೇಹ ಸ್ನಾಯುಗಳ ದುರಸ್ತಿ ಮಾಡಿ, ಮೊದಲಿಗಿಂತ ಬಲವಾಗಿ ಕಟ್ಟುತ್ತದೆ. ಆದುದರಿಂದ ಹೊಸಬನಿಗೆ ವಾರದಲ್ಲಿ ಎರಡು ಮೂರು ದಿನಗಳ ಅಭ್ಯಾಸ ಸಾಕು. ನಡುವೆ ಒಂದೊಂದು ದಿನ ಬಿಡುವಿರಬೇಕು. ಕಟ್ಟಡಕ್ಕೆ ಇಟ್ಟಿಗೆ ಬೇಕಾಗುವಂತೆ ಈ ಕೆಲಸಕ್ಕೆ ಸಸಾರಜನಕ, ಅಂದರೆ ಪ್ರೋಟೀನು ಬೇಕು. ಅದಕ್ಕಾಗಿ ಬೆಲೆಬಾಳುವ ಡಬ್ಬಿಗಳನ್ನು ಅರಸಿ ಹೋಗಬೇಕಾಗಿಲ್ಲ. ಬೇಳೆ, ಹುರುಳಿ, ಕಡಲೆ, ಹೆಸರುಕಾಳು, ಶೇಂಗಾ, ಹಾಲು, ಮೊಸರು ಮನೆಮನೆಯಲ್ಲಿಯೂ ಪರಿಚಿತವಾದ ಆಹಾರಗಳು. ತಿನ್ನುವವರಿಗೆ ಮೊಟ್ಟೆ, ಮೀನು, ಮಾಂಸಗಳೂ ಉಂಟು. ರಾಗಿಮುದ್ದೆಯೋ ಜೋಳದ ರೊಟ್ಟಿಯೋ ಅನ್ನವೋ ದುಡಿಯಲು ಬೇಕಾದ ಶಕ್ತಿಯನ್ನು ಕೊಡುತ್ತವೆ.

ಹೊಸಬನು ಮೊದಲಲ್ಲಿ ಕಲಿಯಬೇಕಾದ ಚಲನೆಗಳು ಬಹಳವಿಲ್ಲ. ಅವುಗಳಲ್ಲಿ ಮೊದಲನೆಯದು ಬಸ್ಕಿ. ಶಾಲೆಯಲ್ಲಿ ಕಿವಿ ಹಿಡಿದುಕೊಂಡು ಮಾಡುವ ಶಿಕ್ಷೆಯೆಂದು ಹಳಬರು ಇದನ್ನು ನೆನೆಯಬಹುದು. ನಿಜವಾಗಿ ಇದು ಕಾಲುಗಳಿಗೆ ದೊರೆಯುವ ಅತ್ಯುತ್ತಮ ವ್ಯಾಯಾಮಗಳಲ್ಲೊಂದು. ಕಾಲುಗಳನ್ನು ಭುಜದಷ್ಟು ಅಗಲಕ್ಕಿಟ್ಟು, ಇಡೀ ಪಾದವನ್ನು ನೆಲಕ್ಕೂರಿ, ಮೊಣಕಾಲುಗಳು ಬೆರಳುಗಳ ದಿಕ್ಕಿನಲ್ಲಿಯೇ ಬಾಗುವಂತೆ ನೋಡಿಕೊಂಡು, ಎದೆಯನ್ನು ಎತ್ತಿ ಹಿಡಿದು ಕುಳಿತು ಏಳಬೇಕು. ಎರಡನೆಯದು ನೆಲದಿಂದ ಭಾರವನ್ನು ಎತ್ತುವುದು. ಕಂಬಿ ಕಾಲಿಗೆ ತೀರ ಹತ್ತಿರವಿರಬೇಕು. ಸೊಂಟವನ್ನು ಹಿಂದಕ್ಕೆ ಸರಿಸಿ, ಬೆನ್ನನ್ನು ನೇರವಾಗಿ ಹಿಡಿದು, ಕಾಲುಗಳಿಂದ ನೆಲವನ್ನು ಒತ್ತಿ ಮೇಲೇಳಬೇಕು. ತುಂಬಿದ ಕೊಡವನ್ನು ಎತ್ತಿಕೊಳ್ಳುವಾಗ ಅನುಭವಸ್ಥ ಹೆಂಗಸು ಸೊಂಟವನ್ನಷ್ಟೇ ಬಗ್ಗಿಸದೆ ಮೊಣಕಾಲು ಮಡಿಸಿ ಏಳುತ್ತಾಳೆ. ಕೊಡವನ್ನು ಮೈಗೆ ಹತ್ತಿರವಾಗಿ ಹಿಡಿಯುತ್ತಾಳೆ. ಆ ಜಾಣ್ಮೆಯೇ ಇಲ್ಲಿಯೂ ಬೇಕಾದದ್ದು. ಇವಲ್ಲದೆ, ಭಾರವನ್ನು ತಲೆಯ ಮೇಲಕ್ಕೂ ಎದೆಯಿಂದ ಮುಂದಕ್ಕೂ ತಳ್ಳುವುದು, ಮೈಯ ಕಡೆಗೆ ಎಳೆದುಕೊಳ್ಳುವುದು ಎಂಬ ಚಲನೆಗಳುಂಟು. ಇಷ್ಟರಿಂದ ಮೈಯ ದೊಡ್ಡ ಸ್ನಾಯುಗಳೆಲ್ಲವೂ ಕೆಲಸಕ್ಕೆ ಬರುತ್ತವೆ. ಉಸಿರನ್ನು ಕಟ್ಟಿ ಹಿಡಿಯದೆ, ಎತ್ತುವಾಗ ಬಿಡುತ್ತ, ಇಳಿಸುವಾಗ ಒಳಗೆಳೆಯುತ್ತ ಹೋಗುವುದು ಹೊಸಬನಿಗೆ ಒಳ್ಳೆಯದು. ಇಳಿಸುವಾಗಲೂ ಭಾರವನ್ನು ಬಿಟ್ಟುಬಿಡಬಾರದು. ನಿಧಾನವಾಗಿ ಹಿಡಿತದಲ್ಲಿಟ್ಟುಕೊಂಡೇ ಇಳಿಸಬೇಕು.

ಒಂದು ಚಿಕ್ಕ ಪುಸ್ತಕದಲ್ಲಿ ದಿನಾಂಕ, ಭಾರ, ಎತ್ತಿದ ಸಲ ಇವನ್ನು ಬರೆದಿಡುವುದು ಉತ್ತಮ ಅಭ್ಯಾಸ. ಮನಸ್ಸು ಒಂದು ದಿನ ಉಬ್ಬುತ್ತದೆ, ಮತ್ತೊಂದು ದಿನ ಕುಗ್ಗುತ್ತದೆ. ಪುಸ್ತಕದಲ್ಲಿ ಬರೆದ ಅಂಕಿ ಮಾತ್ರ ಹಾಗೆಯೇ ಇರುತ್ತದೆ. ಮೂರು ತಿಂಗಳ ಹಿಂದೆ ಬರಿಯ ಕಂಬಿಗೆ ನಡುಗಿದವನು ಇಂದು 30 ಕಿಲೋಗ್ರಾಂ ಭಾರವನ್ನು ಅಲುಗಾಡದೆ ಎತ್ತಿರುವುದನ್ನು ಆ ಪುಟಗಳೇ ತೋರಿಸಿಕೊಡುತ್ತವೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಮಾತಿನ ಅರ್ಥ ಅವನಿಗೆ ಆಗ ಮನದಟ್ಟಾಗುತ್ತದೆ.

ಬೆಳೆಯುವ ವಯಸ್ಸಿನವರು ಭಾರ ಎತ್ತಿದರೆ ಕುಳ್ಳಾಗುತ್ತಾರೆಂಬ ಭಯ ಅನೇಕ ಮನೆಗಳಲ್ಲಿದೆ. ತಿಳಿದವರ ಮೇಲ್ವಿಚಾರಣೆಯಲ್ಲಿ, ಹಗುರವಾದ ಭಾರದಿಂದ, ಸರಿಯಾದ ಕ್ರಮದಲ್ಲಿ ಮಾಡಿದ ವ್ಯಾಯಾಮದಿಂದ ಬೆಳವಣಿಗೆ ಕುಂಠಿತವಾಗುವುದೆಂಬುದಕ್ಕೆ ಆಧಾರವಿಲ್ಲ. ಆದರೆ ಎಳೆಯರ ಎಲುಬಿನ ತುದಿಗಳ ಬಳಿ ಬೆಳವಣಿಗೆಗೆ ಕಾರಣವಾದ ಮೃದುವಾದ ಪದರವಿರುತ್ತದೆ. ಯಾರೂ ಹೇಳಿಕೊಡದೆ, ಪಂಥ ಕಟ್ಟಿ, ತಾಳಲಾರದ ಭಾರವನ್ನು ಎತ್ತಹೋದಾಗ ಅದಕ್ಕೆ ಪೆಟ್ಟಾಗುವ ಸಂಭವವುಂಟು. ಹಿರಿಯರ ಭಯದಲ್ಲಿ ಎಚ್ಚರಿಕೆಯ ಅಂಶ ಇಷ್ಟು. 5ರಿಂದ 17 ವರ್ಷದವರು ವಾರದಲ್ಲಿ ಕನಿಷ್ಠ ಮೂರು ದಿನವಾದರೂ ಸ್ನಾಯು ಮತ್ತು ಎಲುಬುಗಳನ್ನು ಬಲಪಡಿಸುವ ಚಟುವಟಿಕೆಗಳನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ಈ ಸೂಚನೆ ಹುಡುಗರಿಗೆ ಮಾತ್ರ ಮೀಸಲಾದುದಲ್ಲ. ಭಾರ ಗಂಡಸರ ಸೊತ್ತೆಂದು ತಿಳಿದಿದ್ದವರಿಗೆ 2000ದಲ್ಲಿ ಸಿಡ್ನಿಯ ಒಲಿಂಪಿಕ್ಸ್‌ನಲ್ಲಿ ಕರ್ಣಂ ಮಲ್ಲೇಶ್ವರಿಯವರು ಉತ್ತರ ಕೊಟ್ಟರು. ಒಟ್ಟು 240 ಕಿಲೋಗ್ರಾಂ ಎತ್ತಿ ಕಂಚಿನ ಪದಕ ಗಳಿಸಿದ ಅವರು ಒಲಿಂಪಿಕ್ ಪದಕ ಪಡೆದ ಮೊದಲ ಭಾರತೀಯ ಮಹಿಳೆ.

ವ್ಯಾಯಾಮಶಾಲೆಗಳ ಸುತ್ತ ಅಡ್ಡದಾರಿಗಳೂ ಇವೆ. ತಿಂಗಳೊಪ್ಪತ್ತಿನಲ್ಲಿ ಮೈ ಉಬ್ಬಿಸುತ್ತೇವೆಂದು ಮಾತ್ರೆ, ಚುಚ್ಚುಮದ್ದುಗಳನ್ನು ಕೊಡುವವರು ಸಿಗಬಹುದು. ಸ್ಟೆರಾಯ್ಡ್ ಎಂಬ ಮದ್ದುಗಳ ದುರುಪಯೋಗದಿಂದ ಹೃದಯ, ಯಕೃತ್ತುಗಳಿಗೆ ಹಾನಿಯಾಗುತ್ತದೆ. ಬೆಳೆಯುವ ವಯಸ್ಸಿನವರ ಎಲುಬುಗಳ ಬೆಳವಣಿಗೆ ಅಕಾಲದಲ್ಲಿ ನಿಂತುಹೋಗಬಹುದು. ಭಾರದಿಂದ ಕುಳ್ಳಾಗುತ್ತೇನೆಂದು ಅಂಜುವವನು ನಿಜವಾಗಿ ಅಂಜಬೇಕಾದದ್ದು ಇಂಥ ಮದ್ದಿಗೆ. ಬರಿಯ ಕಂಬಿಯಿಂದ ಆರಂಭಿಸಲು ನಾಚಿದವನೇ ಅಡ್ಡದಾರಿಗೂ ಬೇಗ ಸಿಕ್ಕಿಬೀಳುತ್ತಾನೆ. ಎರಡರ ಬೇರೂ ಆತುರವೇ.

ಆರಂಭದ ಕಷ್ಟ ಎಂಥದೆಂಬುದಕ್ಕೆ ನಮ್ಮ ಕರಾವಳಿಯ ಗುರುರಾಜ ಪೂಜಾರಿಯವರ ಬಾಳು ಒಳ್ಳೆಯ ನಿದರ್ಶನ. ಅವರು ಉಡುಪಿ ಜಿಲ್ಲೆಯ ಕುಂದಾಪುರದ ಕಡೆಯವರು. ವಾಹನ ಚಾಲಕರೊಬ್ಬರ ಮಗ. ಕುಸ್ತಿಪಟುವಾಗಬೇಕೆಂಬುದು ಅವರ ಮೊದಲ ಆಸೆಯಾಗಿತ್ತು. ಉಜಿರೆಯ ಕಾಲೇಜಿಗೆ ಸೇರಿದ ಮೇಲೆ ಅಲ್ಲಿಯ ತರಬೇತುದಾರರು ಅವರನ್ನು ಭಾರ ಎತ್ತುವ ಕ್ರೀಡೆಗೆ ತಿರುಗಿಸಿದರು. ಮೊದಲ ತಿಂಗಳು ಕಂಬಿಯನ್ನು ಎತ್ತುವುದು ಹೇಗೆಂಬುದೇ ತಿಳಿಯದೆ, ಅದು ಬಹು ಭಾರವೆನಿಸಿ ಕಷ್ಟಪಟ್ಟುದನ್ನು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಆದರೆ ಅವರು ಬಿಟ್ಟು ಹೋಗಲಿಲ್ಲ. 2018ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯದ ಗೋಲ್ಡ್ ಕೋಸ್ಟ್‌ನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋಗ್ರಾಂ ವಿಭಾಗಕ್ಕೆ ಅವರು ಇಳಿದರು. ಭಾರವನ್ನು ಮೊದಲು ಭುಜಕ್ಕೂ ಬಳಿಕ ತಲೆಯ ಮೇಲಕ್ಕೂ ಎತ್ತುವ ಕ್ಲೀನ್ ಅಂಡ್ ಜರ್ಕ್ ಎಂಬ ಸುತ್ತಿನಲ್ಲಿ ಮೂರು ಅವಕಾಶಗಳಷ್ಟೇ. ಮೊದಲನೆಯದು ವಿಫಲವಾಯಿತು, ಎರಡನೆಯದೂ ವಿಫಲವಾಯಿತು. ಉಳಿದದ್ದು ಒಂದೇ. ಅದೂ ತಪ್ಪಿದ್ದರೆ ಅವರಿಗೆ ಪದಕವಿರುತ್ತಿರಲಿಲ್ಲ. ಮೂರನೆಯ ಸಲ ಅವರು 138 ಕಿಲೋಗ್ರಾಂ ಭಾರವನ್ನು ತಲೆಯ ಮೇಲೆ ಎತ್ತಿ ನಿಂತರು. ಒಟ್ಟು 249 ಕಿಲೋಗ್ರಾಂ ಎತ್ತಿ ಬೆಳ್ಳಿಯ ಪದಕ ಪಡೆದರು. ಆ ಕೂಟದಲ್ಲಿ ಭಾರತಕ್ಕೆ ದೊರೆತ ಮೊದಲ ಪದಕವೇ ಅದು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದ ಕೂಟದಲ್ಲಿ ಅವರು 269 ಕಿಲೋಗ್ರಾಂ ಎತ್ತಿ ಕಂಚಿನ ಪದಕವನ್ನೂ ಗಳಿಸಿದರು.

ಮಣಿಪುರದ ಮೀರಾಬಾಯಿ ಚಾನು ಅವರ ಕಥೆಯೂ ಇದಕ್ಕೆ ಸಮೀಪವಾಗಿದೆ. 2016ರಲ್ಲಿ ರಿಯೊ ಒಲಿಂಪಿಕ್ಸ್‌ನಲ್ಲಿ ಕ್ಲೀನ್ ಅಂಡ್ ಜರ್ಕ್‌ನ ಮೂರು ಪ್ರಯತ್ನಗಳಲ್ಲಿಯೂ ಅವರು ವಿಫಲರಾದರು. ಜಗತ್ತೇ ನೋಡುತ್ತಿದ್ದ ವೇದಿಕೆಯ ಮೇಲೆ ಬಂದ ಸೋಲು ಅದು. ಅವರು ಮತ್ತೆ ಅಭ್ಯಾಸದ ಕೋಣೆಗೆ ಮರಳಿದರು. ಮರುವರ್ಷವೇ ವಿಶ್ವಚಾಂಪಿಯನ್ ಆದರು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 202 ಕಿಲೋಗ್ರಾಂ ಎತ್ತಿ ಬೆಳ್ಳಿಯ ಪದಕವನ್ನು ಗಳಿಸಿದರು.

ವ್ಯಾಯಾಮಶಾಲೆಗೆ ಬಂದವರೆಲ್ಲ ಪದಕ ಗೆಲ್ಲಬೇಕಾಗಿಲ್ಲ, ಗೆಲ್ಲುವುದೂ ಇಲ್ಲ. ನೆಟ್ಟಗೆ ನಿಲ್ಲುವ ಬೆನ್ನು, ಭತ್ತದ ಚೀಲಕ್ಕೋ ನೀರಿನ ಕೊಡಕ್ಕೋ ಹೆದರದ ತೋಳು, ದಿನದ ಕೆಲಸ ಮುಗಿದ ಮೇಲೂ ಉಳಿದಿರುವ ಉತ್ಸಾಹ ಇವೇ ಸಾಮಾನ್ಯನಿಗೆ ದೊರೆಯುವ ಪದಕಗಳು. ಇವಲ್ಲದೆ ಇನ್ನೊಂದು ಲಾಭವೂ ಉಂಟು. ಕಬ್ಬಿಣಕ್ಕೆ ಮುಖಸ್ತುತಿ ತಿಳಿಯದು; ಅದು ಯಾರ ದಾಕ್ಷಿಣ್ಯಕ್ಕೂ ಒಳಗಾಗುವುದಿಲ್ಲ. ಹತ್ತು ಕಿಲೋಗ್ರಾಂ ಶ್ರೀಮಂತನಿಗೂ ಹತ್ತೇ, ಬಡವನಿಗೂ ಹತ್ತೇ. ಅದರ ಮುಂದೆ ನಿಂತವನು ತನ್ನ ಬಲವನ್ನು ಇದ್ದಷ್ಟೇ ಎಂದು ಒಪ್ಪಿಕೊಳ್ಳಲು ಕಲಿಯುತ್ತಾನೆ. ಹಾಗೆ ಒಪ್ಪಿಕೊಂಡ ದಿನದಿಂದ ಅವನ ಬೆಳವಣಿಗೆ ಆರಂಭವಾಗುತ್ತದೆ. ಗಣಿತದಲ್ಲಿಯೂ ಸಂಗೀತದಲ್ಲಿಯೂ ಹೊಸ ಭಾಷೆಯ ಕಲಿಕೆಯಲ್ಲಿಯೂ ಕ್ರಮ ಇದೇ. ಪ್ರತಿಯೊಂದು ವಿದ್ಯೆಗೂ ಅದರದೇ ಆದ ಒಂದು ಬರಿಯ ಕಂಬಿ ಇರುತ್ತದೆ.

ವ್ಯಾಯಾಮಶಾಲೆಯ ಕಿಟಕಿಯಿಂದ ಬಿಸಿಲು ಒಳಗೆ ಬಂದಿದೆ. ಹುಡುಗ ಬರಿಯ ಕಂಬಿಯನ್ನು ಹತ್ತನೆಯ ಸಲ ಎತ್ತಿ, ನಿಧಾನವಾಗಿ ಇಳಿಸಿ, ಅದರ ಜಾಗದಲ್ಲಿಡುತ್ತಾನೆ. ಈ ಸಲ ಅದು ಎಡಕ್ಕೂ ವಾಲಲಿಲ್ಲ, ಬಲಕ್ಕೂ ವಾಲಲಿಲ್ಲ. ಶಿಕ್ಷಕರು ಏನನ್ನೂ ಹೇಳದೆ ತಲೆದೂಗುತ್ತಾರೆ. ಪಕ್ಕದಲ್ಲಿ ಬಣ್ಣದ ಬಿಲ್ಲೆಗಳನ್ನು ಎತ್ತುತ್ತಿದ್ದ ತರುಣ ಮುಖ ಒರೆಸಿಕೊಳ್ಳುತ್ತ ಹುಡುಗನ ಕಡೆ ನೋಡಿ, "ನಾಡಿದ್ದು ಬರ್ತೀಯಲ್ಲಪ್ಪ?" ಎಂದು ಕೇಳುತ್ತಾನೆ. "ಬರ್ತೀನಿ ಅಣ್ಣ" ಎನ್ನುತ್ತಾನೆ ಹುಡುಗ. ಟವೆಲನ್ನು ಹೆಗಲಿಗೆ ಹಾಕಿಕೊಂಡು ಅವನು ಹೊಸ್ತಿಲು ದಾಟುತ್ತಾನೆ. ಕಾಲುಗಳು ಸಣ್ಣಗೆ ನಡುಗುತ್ತಿವೆ. ಮನಸ್ಸಿನಲ್ಲಿ ಮಾತ್ರ ಬೆಳಗ್ಗೆ ಇದ್ದ ಅಳುಕು ಇಲ್ಲ.